ಕದ್ದ ಗಳಿಗೆಯಿಂದ ದಾಸೋಹವಾಗದು





ಮಠಗಳ ವೇದಿಕೆಯ ಮೇಲೆ ಸನ್ಮಾನ ನಡೆಯುವಾಗ ನಿರೂಪಕರ ಬಾಯಿಂದ ತಪ್ಪದೆ ಬರುವ ಒಂದು ಮಾತಿದೆ. "ಇವರು ನೌಕರಿ, ಸಂಸಾರ, ಸಮಾಜಸೇವೆ ಈ ಮೂರನ್ನೂ ಸರಿದೂಗಿಸಿಕೊಂಡು ಬಂದ ಮಹನೀಯರು." ಸಭೆ ಚಪ್ಪಾಳೆ ತಟ್ಟುತ್ತದೆ, ಹೆಗಲಿಗೆ ಶಾಲು ಏರುತ್ತದೆ, ಕೈಗೆ ನೆನಪಿನ ಕಾಣಿಕೆ ಬರುತ್ತದೆ. ಅದೇ ಹೊತ್ತಿಗೆ ಪ್ರಸಾದ ನಿಲಯದ ಹಿಂಬದಿಯಲ್ಲಿ ಆ ಮಹನೀಯರ ಧರ್ಮಪತ್ನಿ ರೊಟ್ಟಿ ಎಣಿಸುತ್ತಿರುತ್ತಾರೆ. ಅಂದು ಕೆಲಸದ ದಿನವಾಗಿದ್ದರೆ, ಔರಾದ ತಾಲ್ಲೂಕಿನ ಯಾವುದೋ ಶಾಲೆಯ ಒಂದು ಕೋಣೆಯಲ್ಲಿ ಮಕ್ಕಳು ಮಾಸ್ತರರಿಲ್ಲದೆ ಕುಳಿತಿರುತ್ತಾರೆ. ಸರಿದೂಗಿದ್ದು ಏನು? ತೂಗಿದವರು ಯಾರು? ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕುಳಿತವರನ್ನು ಯಾರಾದರೂ ಕೇಳಿದರೇ?

ಈ ಪ್ರಶ್ನೆ ಕಹಿಯಾದುದು. ಆದರೆ ವಚನವನ್ನು ಬಾಯಿಪಾಠ ಮಾಡುವವರು ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಲು ಬರುವುದಿಲ್ಲ. ಏಕೆಂದರೆ ಇದನ್ನು ಕೇಳಿದವರಲ್ಲಿ ಮೊದಲಿಗರು ಇಂದಿನ ವಿಮರ್ಶಕರಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯ್ದು ಬದುಕಿದ ಒಬ್ಬ ಶರಣನ ಮಡದಿ.

ಬಡಾವಣೆಯ ಗೃಹಸ್ಥ

ಮೊದಲು ಯಾರನ್ನು ಕುರಿತು ಈ ಮಾತೆಂಬುದು ಸ್ಪಷ್ಟವಾಗಬೇಕು. ಬೀದರ ನಗರದ ನೌಬಾದ, ಚಿದ್ರಿ, ಗುಂಪಾ ಕಡೆಯ ಬಡಾವಣೆಗಳಲ್ಲಿ ಇಪ್ಪತ್ತು-ಮೂವತ್ತು ವರ್ಷಗಳಿಂದ ನೆಲೆ ನಿಂತ ಸಹಸ್ರಾರು ಕುಟುಂಬಗಳಿವೆ. ಅವರಲ್ಲಿ ಅನೇಕರು ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಿಂದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಗರಕ್ಕೆ ಬಂದವರು. ಮನೆ ನಗರದಲ್ಲಿ, ನೌಕರಿ ತಾಲ್ಲೂಕಿನಲ್ಲಿ, ಹೊಲ ಮತ್ತು ಹಿರಿಯರು ಹಳ್ಳಿಯಲ್ಲಿ. ಬೆಳಗಾದರೆ ಸುಮಾರು 40 ಕಿಲೋಮೀಟರ್ ದೂರದ ಔರಾದಕ್ಕೆ ಬಸ್ಸು ಹಿಡಿಯಬೇಕು, ಇಲ್ಲವೆ ಪರಳಿಯ ಕಡೆಗೆ ಹೋಗುವ ರೈಲಿನಲ್ಲಿ ಭಾಲ್ಕಿಗೆ ಇಳಿಯಬೇಕು. ಸಂಜೆ ಮರಳಿ ಬಂದ ಮೇಲೆ ಮಗಳ ಪಾಠ, ತಾಯಿಯ ಔಷಧ, ಮನೆಯ ಕಂತು. ಅದರ ಮೇಲೆ ಬಸವ ಜಯಂತಿಯ ಮೆರವಣಿಗೆ, ಶ್ರಾವಣದ ಪ್ರವಚನ, ಬಡಾವಣೆಯ ಬಸವ ಮಂಟಪದ ಕೆಲಸ, ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಪಟ್ಟಿ ಎತ್ತುವುದು, ರಕ್ತದಾನ ಶಿಬಿರ, ನೆರೆಮನೆಯವರ ಆಸ್ಪತ್ರೆಯ ಓಡಾಟ.

ಇವರ ಸೇವೆಯನ್ನು ಹಗುರವಾಗಿ ಕಾಣುವವರು ಕೃತಘ್ನರು. ಇವರಿಲ್ಲದಿದ್ದರೆ ಮಠದ ಒಂದು ಕಾರ್ಯಕ್ರಮಕ್ಕೂ ಕುರ್ಚಿ ಹಾಕುವವರಿರುತ್ತಿರಲಿಲ್ಲ. ಇಲ್ಲಿಯ ಆಕ್ಷೇಪ ಇವರ ಶ್ರದ್ಧೆಯ ಮೇಲಲ್ಲ. ಆ ಶ್ರದ್ಧೆಯನ್ನು ಅಳೆಯಲು ಸಮಾಜವೂ ಮಠಗಳೂ ಬಳಸುತ್ತಿರುವ ಸುಳ್ಳು ಅಳತೆಗೋಲಿನ ಮೇಲೆ.

ಆ ಅಳತೆಗೋಲು ಹೇಳುವುದಿಷ್ಟು: ಮನುಷ್ಯನ ದಿನ ಒಂದು ರೊಟ್ಟಿ, ಅದನ್ನು ನೌಕರಿಗೆ ಒಂದು ಪಾಲು, ಮನೆಗೆ ಒಂದು ಪಾಲು, ಸಮಾಜಕ್ಕೆ ಒಂದು ಪಾಲು ಎಂದು ಮುರಿಯಬೇಕು, ಸಮಾಜದ ಪಾಲು ದೊಡ್ಡದಾದಷ್ಟೂ ಮನುಷ್ಯ ದೊಡ್ಡವನು. ಕೇಳಲು ಇಂಪಾಗಿದೆ. ಆದರೆ ಶರಣರ ಲೆಕ್ಕ ಇದಲ್ಲ.

ಲಕ್ಕಮ್ಮನ ಲೆಕ್ಕ

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಔರಾದದ ಆರಾಧ್ಯದೈವವೂ ಅಮರೇಶ್ವರನೇ ಆದುದರಿಂದ ಈ ಭಾಗದವರಿಗೆ ಆ ಅಂಕಿತ ಕಿವಿಗೆ ಆಪ್ತ. ಆದರೆ ಈ ದಂಪತಿಗಳು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಅದರಿಂದಲೇ ಮನೆ, ಅದರಿಂದಲೇ ಜಂಗಮ ದಾಸೋಹ.

ಪ್ರಸಂಗದ ಎರಡನೆಯ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ; ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ; ಅಗತ್ಯಕ್ಕಿಂತ ಮಿಗಿಲಾದುದು ತಮಗೆ ಸಲ್ಲದು, ತಂದ ಕಡೆಯೇ ಚೆಲ್ಲಿ ಬನ್ನಿರೆಂದಳು. ಮೊದಲನೆಯ ಭಾಗವನ್ನು ಮಾತ್ರ ಪ್ರವಚನಗಳು ಬೇಗ ದಾಟಿಬಿಡುತ್ತವೆ. ಅಂದು ಮಾರಯ್ಯ ಅವಸರಪಟ್ಟದ್ದೇಕೆ? ಪ್ರಭುದೇವರ ಸನ್ನಿಧಿಯಲ್ಲಿ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತು ಕಾಯಕದ ಹೊತ್ತನ್ನು ಮೀರಿದ್ದನು. ಲಕ್ಕಮ್ಮನೇ ಬಂದು ಕಾಯಕ ನಿಂತುಹೋಗಿದೆಯೆಂದು ಎಚ್ಚರಿಸಬೇಕಾಯಿತು.

ಇದರ ತೂಕವನ್ನು ಗಮನಿಸಬೇಕು. ಆತ ಜೂಜಿನ ಕಟ್ಟೆಯಲ್ಲಿ ಕುಳಿತಿರಲಿಲ್ಲ. ಸಾಕ್ಷಾತ್ ಅಲ್ಲಮಪ್ರಭುವಿನ ಎದುರು ಕುಳಿತಿದ್ದ. ಅದಕ್ಕಿಂತ ದೊಡ್ಡ ಸತ್ಸಂಗ ಮೂರು ಲೋಕದಲ್ಲಿ ಇನ್ನೆಲ್ಲಿ? ಆದರೂ ಮಡದಿ ಎಬ್ಬಿಸಿದಳು. ಪ್ರಭುದೇವರು ಮುನಿಯಲಿಲ್ಲ, ಅವಳನ್ನು ಗದರಿಸಿ ಕಳುಹಿಸೆಂದು ಯಾವ ಶರಣನೂ ಹೇಳಲಿಲ್ಲ. ಮಾರಯ್ಯನ ಹೆಸರಿನ ಪ್ರಸಿದ್ಧ ವಚನವೊಂದು ಕಾಯಕದ ನಡುವೆ ಪೂಜೆ ದರ್ಶನಗಳಿಗೂ ರಿಯಾಯಿತಿ ಕೊಡುವುದಿಲ್ಲವೆಂಬುದು ಭಕ್ತರಿಗೆ ತಿಳಿದಿದೆ. ಆ ನಿಷ್ಠುರ ಅರಿವಿನ ಹಿಂದೆ, ಗೋಷ್ಠಿಯಿಂದ ಎಬ್ಬಿಸಿದ ಲಕ್ಕಮ್ಮನ ದನಿಯಿದೆಯೆಂದು ತಿಳಿದು ಓದಿದರೆ ವಚನದ ಅರ್ಥ ಇನ್ನಷ್ಟು ಆಳವಾಗುತ್ತದೆ.

ಹೆಚ್ಚಿನ ಅಕ್ಕಿಯನ್ನು ಮಾರಯ್ಯ ತನ್ನ ಹೊಟ್ಟೆಗೆಂದು ತಂದಿರಲಿಲ್ಲ ಎಂಬುದನ್ನೂ ಮರೆಯಬಾರದು. ದಾಸೋಹ ದೊಡ್ಡದಾಗಲಿ ಎಂಬುದು ಆತನ ಆಸೆ. ಅಂದರೆ ಲಕ್ಕಮ್ಮ ನಿರಾಕರಿಸಿದ್ದು ಲೋಭದ ಅಕ್ಕಿಯನ್ನಲ್ಲ. ಭಕ್ತಿಯ ಹೆಸರಿನಲ್ಲಿ ಬಂದ ಅಕ್ಕಿಯನ್ನು. ಉದ್ದೇಶ ಒಳ್ಳೆಯದು, ಆದರೆ ಬಂದ ದಾರಿ ಶುದ್ಧವಲ್ಲ. ಆದ್ದರಿಂದ ಲಿಂಗಕ್ಕೆ ಸಲ್ಲದು. ಆ ಬಡ ಗೃಹಿಣಿಯ ತೀರ್ಪು ಇಷ್ಟು ಸರಳ.

ಇಂದು ನೌಕರಿಯವರ ಮನೆಯಲ್ಲಿ ಅಕ್ಕಿಗೆ ಬರವಿಲ್ಲ. ಬರವಿರುವುದು ಹೊತ್ತಿಗೆ. ಹೊತ್ತೇ ಇಂದಿನ ಅಕ್ಕಿ. ಹಾಗಾದರೆ ಸಮಾಜಸೇವೆಗೆ ತಂದ ಪ್ರತಿಯೊಂದು ಗಳಿಗೆಯ ಬಗೆಗೂ ಲಕ್ಕಮ್ಮನ ಪ್ರಶ್ನೆ ಎದ್ದು ನಿಲ್ಲುತ್ತದೆ: ಇದನ್ನು ಯಾರ ಅಂಗಳದಿಂದ ಆಯ್ದು ತಂದಿರಿ?

ಭಂಡಾರದ ಗಳಿಗೆ

ಮೊದಲನೆಯದು ಕಚೇರಿಯ ಅಂಗಳ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ಗಂಗಾಂಬಿಕೆ-ನೀಲಾಂಬಿಕೆಯರ ಪತಿ, ಮಹಾಮನೆಯ ಯಜಮಾನರು, ಅನುಭವ ಮಂಟಪದ ಸಂಸ್ಥಾಪಕರು. ಉದ್ಯೋಗ, ಸಂಸಾರ, ಸಮಾಜ ಮೂರನ್ನೂ ಹೊತ್ತ ಗೃಹಸ್ಥನೊಬ್ಬನ ಹೆಸರು ಹೇಳೆಂದರೆ ಇಡೀ ಕನ್ನಡ ನಾಡು ಅವರನ್ನೇ ತೋರಿಸಬೇಕು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನಿಗೆ ದೂರಿದಾಗ ಲೆಕ್ಕ ತೆಗೆಸಲಾಯಿತು. ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಶರಣಚರಿತೆಗಳು ಹೇಳುತ್ತವೆ. ಮಹಾಮನೆಯ ದಾಸೋಹ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಭಂಡಾರದ ಕೀಲಿಕೈ ಬಳಕೆಯಾಗಲಿಲ್ಲ.

ಇಂದಿನ ಸರಕಾರಿ ನೌಕರನಿಗೆ ಭಂಡಾರವೆಂದರೆ ಹಾಜರಿ ಪುಸ್ತಕ. ಬೆಳಗ್ಗೆ ಸಹಿ ಹಾಕಿ ಹನ್ನೊಂದಕ್ಕೆ ಮಠದ ಸಭೆಗೆ ಬಂದ ಗುಮಾಸ್ತ, ಸಮ್ಮೇಳನಕ್ಕೆಂದು ಓ.ಓ.ಡಿ. ಪಡೆದು ಊಟದ ಹೊತ್ತಿಗೆ ಮನೆ ಸೇರುವ ಶಿಕ್ಷಕ, ಹೊರರೋಗಿಗಳ ಸಾಲನ್ನು ಬಿಟ್ಟು ಉದ್ಘಾಟನೆಯ ದೀಪ ಹಚ್ಚಲು ಬಂದ ವೈದ್ಯ, ಇವರು ತಂದ ಗಳಿಗೆ ಅವರದಲ್ಲ. ಅದು ಭಂಡಾರದ್ದು. ಆ ಗಳಿಗೆಯ ನಿಜವಾದ ಒಡೆಯರು ಹಳ್ಳಿಯ ಬಡವರ ಮಕ್ಕಳು, ಪಹಣಿಗಾಗಿ ಮೂರನೆಯ ಸಲ ಬಂದ ರೈತ, ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತ ಬಾಣಂತಿ.

ಬೇರೆ ಜಿಲ್ಲೆಯಲ್ಲಿ ಇದು ಒಂದು ತಪ್ಪು, ಬೀದರಿನಲ್ಲಿ ಎರಡು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿ, ಈ ಭಾಗದ ಅಸಮಾನತೆಯನ್ನು ಅಂಕಿಅಂಶಗಳಲ್ಲಿ ತೋರಿಸಿತು. ಹೋರಾಟದ ಫಲವಾಗಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371 ಜೆ ವಿಧಿ ಬಂದು, ಉದ್ಯೋಗ ಮತ್ತು ವಿದ್ಯೆಯಲ್ಲಿ ಮೀಸಲಾತಿ ದೊರೆಯಿತು. ಆ ಮೀಸಲಾತಿಯಿಂದ ನೌಕರಿ ಪಡೆದವರು ತಮ್ಮ ತಾಲ್ಲೂಕಿನ ಶಾಲೆಯ ಹೊತ್ತನ್ನೇ ತಂದು ಸಮಾಜಕ್ಕೆ ಅರ್ಪಿಸಿದರೆ, ಅದು ಕರುವಿನ ಹಾಲನ್ನು ಕರೆದು ಕರುವಿಗೇ ಅಭಿಷೇಕ ಮಾಡಿದಂತೆ. ಔರಾದದ ಗಡಿಹಳ್ಳಿಯಲ್ಲಿ ಮನೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡದ ಅಕ್ಷರ ತಿದ್ದಿಸುವ ನಲವತ್ತು ನಿಮಿಷಗಳಿಗಿಂತ ದೊಡ್ಡ ಬಸವಸೇವೆ ಯಾವ ವೇದಿಕೆಯಲ್ಲಿದೆ?

ಮನೆಯ ಗಳಿಗೆ

ಎರಡನೆಯದು ಮನೆಯ ಅಂಗಳ. ಇಲ್ಲಿ ಹಾಜರಿ ಪುಸ್ತಕವಿಲ್ಲದ್ದರಿಂದ ಕಳವು ಕಾಣುವುದಿಲ್ಲ.

ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಹಾಗೆ ತೊಡಗುವ ಗಂಡಸರು ಕೊಡುವುದು 88 ನಿಮಿಷ. ಇದು ದೇಶದ ಲೆಕ್ಕ. ಬೀದರಿನ ಶರಣರ ಮನೆಗಳು ಇದಕ್ಕೆ ಹೊರತೆಂದು ಎದೆ ಮುಟ್ಟಿ ಹೇಳಬಲ್ಲವರು ಎಷ್ಟು ಮಂದಿ? ಗಂಡ ಸಂಜೆ ಏಳಕ್ಕೆ ಸಮಿತಿಯ ಸಭೆಗೆ ಹೊರಟರೆ ಆ ಎರಡು ತಾಸಿನ ಮನೆಯ ಭಾರ ಗಾಳಿಯಲ್ಲಿ ಕರಗುವುದಿಲ್ಲ. ಮಗನ ಗಣಿತ, ಅತ್ತೆಯ ಇನ್ಸುಲಿನ್, ಗಿರಣಿಯ ಹಿಟ್ಟು, ನಾಳೆಯ ಡಬ್ಬಿ ಎಲ್ಲವೂ ಇನ್ನೊಂದು ಹೆಗಲಿಗೆ ಜಾರುತ್ತವೆ. ಆ ಹೆಗಲೂ ಅನೇಕ ಮನೆಗಳಲ್ಲಿ ದಿನವಿಡೀ ಶಾಲೆ, ಬ್ಯಾಂಕು, ಅಂಗನವಾಡಿಗಳಲ್ಲಿ ದುಡಿದು ಬಂದ ಹೆಗಲೇ. ಸೇವೆ ಒಬ್ಬರ ಹೆಸರಿನಲ್ಲಿ, ಶ್ರಮ ಇನ್ನೊಬ್ಬರ ಮೈಯಲ್ಲಿ. ಇದನ್ನು ಸಮತೋಲನವೆಂದು ಕರೆಯುವುದು ಭಾಷೆಗೇ ಮಾಡುವ ಅಪಚಾರ.

"ನಮ್ಮ ಮನೆಯವರ ಸಹಕಾರವಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ" ಎಂಬ ವಾಕ್ಯವನ್ನು ಸನ್ಮಾನಿತರು ಕೊನೆಗೆ ಸೇರಿಸುವುದುಂಟು. ಲಕ್ಕಮ್ಮ ಸಹಕಾರಿಣಿಯಾಗಿರಲಿಲ್ಲ. ಅಂಕಿತದಲ್ಲಿ ಗಂಡನ ಹೆಸರನ್ನು ಹೊತ್ತಳು; ಗಂಡ ತಪ್ಪಿದಾಗ ತಡೆದಳು. ಸತಿಪತಿಗಳ ಭಕ್ತಿ ಒಂದಾಗಬೇಕೆಂಬ ಶರಣರ ಮಾತಿಗೆ ಅರ್ಥವಿದು: ಎರಡು ಅರಿವುಗಳು ಒಂದೇ ಅಕ್ಕಿಯನ್ನು ಪರೀಕ್ಷಿಸಬೇಕು. ಒಬ್ಬರು ನಿರ್ಧರಿಸಿ ಇನ್ನೊಬ್ಬರು ಬೇಯಿಸುವುದು ಅದರ ಅರ್ಥವಲ್ಲ.

ಮಠಗಳ ಪಾಲು

ದೋಷವನ್ನೆಲ್ಲ ಗೃಹಸ್ಥನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನಿಗೆ ಈ ಅಳತೆಗೋಲನ್ನು ಕೊಟ್ಟವರು ಯಾರು? ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆಯೆಂದು ಆಹ್ವಾನಪತ್ರಿಕೆ ಅಚ್ಚು ಹಾಕಿಸಿ, ಅತಿಥಿಗಳ ದಾರಿ ಕಾದು ಒಂದಕ್ಕೆ ಆರಂಭಿಸಿ, ಮೂರರವರೆಗೆ ಸನ್ಮಾನ ನಡೆಸುವ ಸಂಘಟಕರು. ಬಂದವರ ಹೆಸರನ್ನು ಮೈಕಿನಲ್ಲಿ ಕೂಗಿ, ಬಾರದವರನ್ನು ಸಮಾಜದ ಮೇಲೆ ಅಭಿಮಾನವಿಲ್ಲದವರೆಂದು ತಿಳಿಯುವ ಮುಖಂಡರು. ಫ್ಲೆಕ್ಸಿನಲ್ಲಿ ಮುಖ ಕಂಡವನೇ ಶರಣ, ಕಾಣದವನು ಬರಿಯ ಸಂಸಾರಿ ಎಂಬ ಭಾವನೆಯನ್ನು ಬೆಳೆಸಿದ ವೇದಿಕೆಗಳು. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಪ್ರವಚನದಲ್ಲಿ ವಿವರಿಸಿ, ಅದರ ಬೆನ್ನಿಗೇ ದಾನಿಗಳ ಪಟ್ಟಿ ಓದುವ ಅಭ್ಯಾಸ.

ಕೊಟ್ಟೆನೆಂಬ ನೆನಪು ಉಳಿದರೆ ಅದು ದಾನ. ಸಮಾಜದ್ದನ್ನು ಸಮಾಜಕ್ಕೆ ಮರಳಿಸಿದೆನೆಂಬ ವಿನಯವಿದ್ದರೆ ದಾಸೋಹ. ಶಾಲು ಹೊದಿಸಿದ ಕ್ಷಣದಲ್ಲೇ ಎರಡನೆಯದು ಮೊದಲನೆಯದಾಗಿ ಇಳಿದುಹೋಗುತ್ತದೆ.

ಒಂದು ಆಕ್ಷೇಪ

ಇಷ್ಟು ಹೇಳಿದರೆ ಹಿರಿಯರೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಗೊತ್ತಿರುವುದೇ: "ಎಲ್ಲರೂ ಹೀಗೆ ಲೆಕ್ಕ ಹಾಕುತ್ತ ಕುಳಿತಿದ್ದರೆ ಈ ಭಾಗದಲ್ಲಿ ಒಂದು ಕನ್ನಡ ಶಾಲೆಯಾದರೂ ಏಳುತ್ತಿತ್ತೇ? ಮನೆಮಠ ಮರೆತವರಿಂದಲೇ ಸಮಾಜ ಉಳಿಯಿತಲ್ಲವೇ?"

ಪ್ರಶ್ನೆ ಘನವಾದುದು, ಉತ್ತರವೂ ಈ ಮಣ್ಣಿನಲ್ಲೇ ಇದೆ. ಇತ್ತೀಚಿನವರೆಗೂ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿ, ಭಾಲ್ಕಿ ಹಿರೇಮಠ ಸಂಸ್ಥಾನದ ಪೀಠವನ್ನೇರಿ, 1999ರಲ್ಲಿ ಲಿಂಗೈಕ್ಯರಾದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಜಿಲ್ಲೆಯ ಮನೆಮನೆಯ ಮಾತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು, 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿಗೆ ಸೇರುವ ಹೊತ್ತಿಗೆ ಇಲ್ಲಿ ಕನ್ನಡ ಓದಬಲ್ಲ ಒಂದು ತಲೆಮಾರು ಸಿದ್ಧವಾಗಿದ್ದುದರ ಹಿಂದೆ ಅವರ ಜೋಳಿಗೆಯಿದೆ.

ಆದರೆ ಪಟ್ಟದ್ದೇವರು ವಿರಕ್ತರು. ಅವರು ಯಾವ ಮಗುವಿನ ತಂದೆಯ ಗಳಿಗೆಯನ್ನೂ, ಯಾವ ಮಡದಿಯ ಸಂಜೆಯನ್ನೂ ತೆಗೆದುಕೊಂಡು ಶಾಲೆ ಕಟ್ಟಲಿಲ್ಲ. ತಮ್ಮ ಇಡೀ ದಿನವನ್ನು ಕೊಟ್ಟರು, ಏಕೆಂದರೆ ಆ ದಿನ ಪೂರ್ತಿ ಅವರದಾಗಿತ್ತು. ಗೃಹಸ್ಥನ ದಿನ ಪೂರ್ತಿ ಅವನದಲ್ಲ. ಮದುವೆಯ ದಿನವೇ ಅದರ ಅರ್ಧವನ್ನು ಬರೆದುಕೊಟ್ಟಿದ್ದಾನೆ. ವಿರಕ್ತನ ವ್ರತವನ್ನು ಗೃಹಸ್ಥನು ಹೆಂಡತಿಯ ಖರ್ಚಿನಲ್ಲಿ ಆಚರಿಸಿದರೆ ಅದು ವೈರಾಗ್ಯವಾಗುವುದಿಲ್ಲ, ಸಾಲವಾಗುತ್ತದೆ. ಇನ್ನೂ ಒಂದು ಮಾತು. ಆ ಶಾಲೆಗಳಲ್ಲಿ ಕನ್ನಡ ಉಳಿದದ್ದು ಫಲಕದಿಂದಲ್ಲ. ಒಳಗೆ ಒಬ್ಬ ಮಾಸ್ತರರು ಹೊತ್ತಿಗೆ ಸರಿಯಾಗಿ ಬಂದು ಪಾಠ ಮಾಡಿದ್ದರಿಂದ ಉಳಿಯಿತು.

ಹಾಗಾದರೆ ನೌಕರಿ ಸಂಸಾರದ ಗೃಹಸ್ಥರು ನಿವೃತ್ತಿಯವರೆಗೆ ಸಮಾಜದ ಕಡೆ ತಿರುಗಿ ನೋಡಬಾರದೇ? ಅದೂ ಶರಣಮಾರ್ಗವಲ್ಲ. ಅಕ್ಕಿ ಕಡಿಮೆಯೆಂದು ಲಕ್ಕಮ್ಮ ದಾಸೋಹವನ್ನು ನಿಲ್ಲಿಸಲಿಲ್ಲ, ನಾಳೆಗೆ ಮುಂದೂಡಲೂ ಇಲ್ಲ. ಅಂದಿನ ಕಾಯಕದ ಸ್ವಲ್ಪ ಅಕ್ಕಿಯಲ್ಲೇ ಲಕ್ಷಾಂತರ ಜಂಗಮರಿಗೆ ತೃಪ್ತಿಯಾಯಿತೆಂದು ಪರಂಪರೆ ಹೇಳುತ್ತದೆ. ಪವಾಡವನ್ನು ಪಕ್ಕಕ್ಕಿಟ್ಟು ತತ್ತ್ವವನ್ನು ಹಿಡಿದರೂ ಸಾಕು: ಶುದ್ಧವಾದ ಒಂದು ಹಿಡಿ, ಅಶುದ್ಧವಾದ ಒಂದು ಚೀಲಕ್ಕಿಂತ ಹೆಚ್ಚು ಜನರನ್ನು ಮುಟ್ಟುತ್ತದೆ.

ಮಾಡಬೇಕಾದುದು

ಟೀಕೆ ಮಾಡಿ ಸುಮ್ಮನಾಗುವುದು ಸುಲಭ. ಆದುದರಿಂದ ಆಚರಣೆಗೆ ತರಬಹುದಾದ ನಾಲ್ಕು ಮಾತು.

ಮಠದ ಸಭೆಗಳು ರವಿವಾರ ಅಥವಾ ಸಂಜೆ ಆರರ ನಂತರ ನಡೆಯಲಿ. ಅಚ್ಚಾದ ಹೊತ್ತಿಗೆ ಆರಂಭವಾಗಿ ಎರಡು ತಾಸಿನಲ್ಲಿ ಮುಗಿಯಲಿ. ಒಬ್ಬ ಅತಿಥಿಗಾಗಿ ಐನೂರು ಜನರ ಗಳಿಗೆಯನ್ನು ಚೆಲ್ಲುವುದು ಅನ್ನವನ್ನು ಚೆಲ್ಲುವುದಕ್ಕಿಂತ ಸಣ್ಣ ಪಾಪವಲ್ಲ.

ಪ್ರಸಾದದ ಅಡಿಗೆ ಮತ್ತು ಪಾತ್ರೆ ತೊಳೆಯುವ ಸೇವೆ ಪಾಳಿಯ ಮೇಲೆ ಗಂಡಸರಿಗೂ ಬರಲಿ. ಗೋಷ್ಠಿಯ ಮುಂದಿನ ಸಾಲಿನಲ್ಲಿ ಅಕ್ಕಂದಿರು ಕುಳಿತುಕೊಳ್ಳಲಿ. ಅನುಭವ ಮಂಟಪದಲ್ಲಿ ಮಾತಾಡಿದ ಶರಣೆಯರ ವಾರಸುದಾರರು ಇಂದು ಅಡಿಗೆಮನೆಯ ಕಿಟಕಿಯಿಂದ ಪ್ರವಚನ ಕೇಳುವುದು ಬಸವಧರ್ಮಕ್ಕೆ ಭೂಷಣವಲ್ಲ.

ಕಾರ್ಯಕರ್ತರನ್ನು ಸೇರಿಸಿಕೊಳ್ಳುವಾಗ ಸಮಿತಿಯವರು ಅವರ ಮನೆಯವರನ್ನೂ ಕೂರಿಸಿಕೊಂಡು ಕೇಳಲಿ: ವಾರಕ್ಕೆ ಎಷ್ಟು ತಾಸು ಈ ಮನೆ ಸಂತೋಷದಿಂದ ಬಿಟ್ಟುಕೊಡಬಲ್ಲುದು? ಒಂದು ತಾಸೆಂದರೆ ಒಂದೇ ತಾಸು. ಆ ಮಿತಿಯನ್ನು ಮೀರಿದವರನ್ನು ಹೊಗಳದೆ ಮನೆಗೆ ಕಳುಹಿಸುವುದೇ ಅವರಿಗೆ ತೋರುವ ಗೌರವ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಠಿಣ. ಪ್ರತಿಯೊಬ್ಬರೂ ತಾವು ಇರುವ ಜಾಗದಲ್ಲೇ ದಾಸೋಹವನ್ನು ಕಾಣಲಿ. ಔರಾದಕ್ಕೆ ಹೋಗುವ ಶಿಕ್ಷಕರು ಹತ್ತನೆಯ ತರಗತಿಯ ಹಿಂದುಳಿದ ಮಕ್ಕಳಿಗೆ ಅರ್ಧ ತಾಸು ಮೊದಲು ಪಾಠ ಆರಂಭಿಸಲಿ. ತಹಸೀಲ ಕಚೇರಿಯ ಶರಣರು ಓದುಬರಹ ಬಾರದ ರೈತನ ಅರ್ಜಿಯನ್ನು ತಾವೇ ಬರೆದುಕೊಡಲಿ. ಭಾಲ್ಕಿಯ ರೈಲಿನಲ್ಲಿ ನಿತ್ಯ ಸಂಚರಿಸುವವರು ಅದೇ ಗಾಡಿಯಲ್ಲಿ ಕಾಲೇಜಿಗೆ ಹೋಗುವ ಹಳ್ಳಿಯ ಹುಡುಗಿಯರಿಗೆ ಹಿರಿಯಣ್ಣನಂತೆ ಕಾವಲಾಗಲಿ. ಇದಕ್ಕೆ ಯಾರ ಗಳಿಗೆಯನ್ನೂ ಕದಿಯಬೇಕಿಲ್ಲ. ಯಾವ ನಿರೂಪಕರೂ ಇದನ್ನು ಮೈಕಿನಲ್ಲಿ ಹೇಳುವುದಿಲ್ಲ, ಹೇಳದಿರುವುದೇ ಒಳ್ಳೆಯದು.

ಕಲ್ಯಾಣ ಈ ಜಿಲ್ಲೆಯಲ್ಲೇ ಇದೆ. ಅಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. 2024ರಲ್ಲಿ ರಾಜ್ಯ ಸರಕಾರ ವಿಶ್ವಗುರು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಮಂಟಪದ ಕಲ್ಲುಗಳಿಗಿಂತ ಮೊದಲು ನಿಲ್ಲಬೇಕಾದುದು ಮಂಟಪದ ನ್ಯಾಯ. ಮುಂದಿನ ಸಭೆಗೆ ಹೊರಡುವ ಮುನ್ನ ಪ್ರತಿಯೊಬ್ಬ ಭಕ್ತನೂ ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲಲಿ. ಒಳಗಿನಿಂದ ಲಕ್ಕಮ್ಮನ ದನಿ ಬಂದರೆ ಕೇಳಿಸಿಕೊಳ್ಳಲಿ. ಮರಳಿ ಚೆಲ್ಲಿ ಬಾ ಎಂದರೆ, ಚೆಲ್ಲಿ ಬರಲಿ.